ಗುರುತು ಹಿಡಿಯದ ಮೇಡಂ ಮತ್ತು ಹರಿದ ಕೊನೆಯ ಪುಟಗಳು

ವಾಚನಾಲಯದ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಪುಸ್ತಕ ಹೇಗೆ ವಿಂಗಡಿಸಬೇಕು, ಗೆದ್ದಲಿಗೆ ಯಾವ ಔಷಧಿ ಹೊಡೆಯಬೇಕು, ಎಲ್ಲ ಹೇಳಿಕೊಡುತ್ತಾರೆ. ಈಗ ಕಂಪ್ಯೂಟರನ್ನೂ ಹೇಳಿಕೊಡುತ್ತಾರೆ. ಮೇಜಿನ ಮುಂದೆ ನಿಂತು ಹಲ್ಲು ಕಿರಿಯುತ್ತಿರುವ ಮನುಷ್ಯ ಯಾರು ಅಂತ ತಿಳಿಯದಿದ್ದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಮೂವತ್ತೊಂದು ವರ್ಷ ನಾನು ಅದೊಂದನ್ನು ನನ್ನಷ್ಟಕ್ಕೆ ಕಲಿತುಕೊಳ್ಳುತ್ತಲೇ ನೌಕರಿ ಮುಗಿಸಿದೆ. ಪೂರ್ತಿ ಕಲಿತೆ ಅಂತ ಈಗಲೂ ಹೇಳಲಾರೆ.

ಬಳ್ಳಾರಿಯಲ್ಲಿ ಒಂದು, ಸಿರುಗುಪ್ಪದಲ್ಲಿ ಒಂದು, ಕುರುಗೋಡಿನಲ್ಲಿ ಒಂದು, ಹೀಗೆ ಮೂರು ವಾಚನಾಲಯ ನಡೆಸುತ್ತಿದ್ದ ಖಾಸಗಿ ಟ್ರಸ್ಟು ನಮ್ಮದು. ಅದರ ಹೆಸರು ಇಲ್ಲಿ ಬೇಡ. ಅದರ ಪದಾಧಿಕಾರಿಗಳು ದಾರಿಯಲ್ಲಿ ಸಿಕ್ಕರೆ ನನ್ನನ್ನು ಗುರುತು ಹಿಡಿಯುತ್ತಾರೆ, ನಾನು ಅವರನ್ನು ಹಿಡಿಯುವುದಿಲ್ಲ, ಆಗ ತೊಂದರೆ ನನಗೇ. ನನ್ನ ಹೆಸರು ಜೈಬುನ್ನಿಸಾ. ಓದುಗರು ಎದುರಿಗೆ ಜೈಬು ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ಸೊಕ್ಕಿನ ಮೇಡಂ.

ಸೊಕ್ಕು ನನಗೆ ಇರಲಿಲ್ಲ. ಇದ್ದದ್ದು ಬೇರೆ. ಕಣ್ಣು ಚೆನ್ನಾಗಿವೆ, ಸಣ್ಣ ಅಕ್ಷರವನ್ನೂ ಓದಬಲ್ಲೆ. ಎದುರಿನವರ ಮೂಗು, ಹುಬ್ಬು, ಮೀಸೆ ಎಲ್ಲ ಸ್ಪಷ್ಟವಾಗಿ ಕಾಣುತ್ತವೆ. ಆದರೆ ಅವೆಲ್ಲ ಕೂಡಿ ನನ್ನ ತಲೆಯಲ್ಲಿ ಒಬ್ಬ ಮನುಷ್ಯ ಆಗುವುದಿಲ್ಲ. ಅವರು ಆ ಕಡೆ ತಿರುಗಿದರೆಂದರೆ ಮುಖ ಒರೆಸಿದ ಹಲಗೆ. ನಲವತ್ತು ದಾಟುವ ತನಕ ಇದು ಎಲ್ಲರಿಗೂ ಹೀಗೇ ಅಂತ ತಿಳಿದಿದ್ದೆ. ಉಳಿದವರಿಗೆ ನೆನಪಿನ ಶಕ್ತಿ ಹೆಚ್ಚು, ನಾನು ದಡ್ಡಿ, ಅಷ್ಟೇ ಅಂದುಕೊಂಡಿದ್ದೆ.

ಬಳ್ಳಾರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ನನ್ನ ಗಂಡ ಮಹಬೂಬ ಜೀನ್ಸ್ ಪ್ಯಾಂಟು ಹೊಲಿಯುವ ಘಟಕದಲ್ಲಿ ಕಟಿಂಗ್ ಮಾಸ್ಟರು. ಸಂಜೆ ಸ್ಕೂಟರ್ ತಂದು ರಾಯಲ್ ಸರ್ಕಲ್ಲಿನ ಹತ್ತಿರ ನಿಲ್ಲುತ್ತಿದ್ದರು. ಒಂದು ಸಂಜೆ ನೀಲಿ ಅಂಗಿ ಕಂಡಿತು, ಸ್ಕೂಟರ್ ಕಂಡಿತು, ಹೋಗಿ ಹಿಂದೆ ಕುಳಿತೆ. ಗಾಡಿ ಹೊರಟಿತು. ಅತ್ತೆ ಬೆಳಿಗ್ಗೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಂದದ್ದು, ನಾನು ಅದಕ್ಕೆ ಉತ್ತರ ಕೊಡದೆ ಬಂದದ್ದು, ಎಲ್ಲ ಹೇಳಿಕೊಳ್ಳುತ್ತಾ ಹೋದೆ. ಗಂಡ ಅಷ್ಟು ಶಾಂತವಾಗಿ ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಮೋತಿ ಸರ್ಕಲ್ ಬಂದಾಗ ಗಾಡಿ ನಿಧಾನ ಮಾಡಿ ಆ ಮನುಷ್ಯ ಬಹಳ ಸಂಕೋಚದಿಂದ ಕೇಳಿದ: "ಅಕ್ಕಾರ, ನಿಮ್ಮನ್ನ ಎಲ್ಲಿ ಇಳಸ್ಬೇಕ್ರಿ?"

ಅವನು ನನ್ನನ್ನು ತಿರುಗಿ ಸರ್ಕಲ್ಲಿಗೇ ತಂದು ಬಿಟ್ಟ. ಹೋಗುವಾಗ, ಅತ್ತೆಯವರ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ ಅಂತ ಸಮಾಧಾನವನ್ನೂ ಹೇಳಿದ. ಮಹಬೂಬ ಅಲ್ಲೇ ಕಾಯುತ್ತಿದ್ದರು. ಅವರು ಬಯ್ಯಲಿಲ್ಲ. ಮರುದಿನ ತಮ್ಮ ಎಲ್ಲ ಅಂಗಿಗಳ ಬೆನ್ನಿಗೆ, ಕಾಲರಿನ ಕೆಳಗೆ, ಜೀನ್ಸಿನ ಕಿತ್ತಳೆ ದಾರದಲ್ಲಿ ಎರಡೆಳೆ ಹೊಲಿಗೆ ಹಾಕಿಕೊಂಡು ಬಂದರು. ನೀಲಿ ಅಂಗಿಯವರು ಬಳ್ಳಾರಿ ತುಂಬ ಇದ್ದಾರೆ, ಇನ್ನು ಮೇಲೆ ಇದನ್ನು ನೋಡಿ ಗಾಡಿ ಹತ್ತು ಅಂದರು.

ಗಂಡನಿಗೆ ದಾರ ಹೊಲಿಯಬಹುದು, ಓದುಗರಿಗೆ ಆಗುವುದಿಲ್ಲವಲ್ಲ. ಅವರನ್ನು ನಾನು ಚಪ್ಪಲಿಯಿಂದ, ಕೆಮ್ಮಿನಿಂದ, ನಡಿಗೆಯಿಂದ ಹಿಡಿಯುತ್ತಿದ್ದೆ. ಆಗ ಓದುಗರ ಟಿಕೀಟು ಅಂತ ರಟ್ಟಿನ ಚೀಟಿ ಇರುತ್ತಿತ್ತು, ಅದರ ಮೇಲೆ ಹೆಸರು. ಚೀಟಿ ಕೈಗೆ ಬಂದರೆ ಸಾಕು, ಮುಖ ನೋಡುವ ಕೆಲಸವೇ ಇಲ್ಲ. ಆ ರಟ್ಟಿನ ಚೀಟಿಯಷ್ಟು ಉಪಕಾರ ನನಗೆ ಆಮೇಲೆ ಬಂದ ಯಾವ ಯಂತ್ರವೂ ಮಾಡಲಿಲ್ಲ. ಚೀಟಿ ತರದೆ, ನಾನು ನಿಮಗೆ ಗೊತ್ತಲ್ಲ ಎಂಬ ಧೈರ್ಯದಲ್ಲಿ ಬರುವವರೇ ನನಗೆ ಯಮ.

ಅಂಥವರಲ್ಲಿ ಮೊದಲಿಗರು ನಮ್ಮ ಟ್ರಸ್ಟಿನ ಖಜಾಂಚಿ ನಾಗಲಿಂಗಪ್ಪನವರು. ದಪ್ಪ ಮೀಸೆ, ಗುಂಗುರು ಕೂದಲು. ಆ ಗುಂಗುರು ಕೂದಲೇ ನನಗೆ ಅವರ ಗುರುತು. ಒಮ್ಮೆ ತಿರುಪತಿಗೆ ಹೋಗಿ ತಲೆ, ಮೀಸೆ ಎರಡನ್ನೂ ಕೊಟ್ಟು ನೇರ ವಾಚನಾಲಯಕ್ಕೆ ಬಂದು, ನನಗೆ ಪ್ರಸಾದದ ಲಡ್ಡು ಚಾಚಿದರು. ಒಳಗೆ ತಿನ್ನುವ ಪದಾರ್ಥ ತರುವಂತಿಲ್ಲ, ಸದಸ್ಯರಾಗುವುದಿದ್ದರೆ ಫಾರಂ ತುಂಬಿ ಅಂದೆ. ಅವರು ನನ್ನನ್ನು ಎರಡು ನಿಮಿಷ ನೋಡಿದರು. ಕೂದಲು ಬೆಳೆಯುವ ತನಕ ಇನ್ನೂ ಎರಡು ಸಲ ಅವರಿಗೆ ಫಾರಂ ಕೊಟ್ಟೆ. ಸೊಕ್ಕಿನ ಮೇಡಂ ಎಂಬ ಹೆಸರು ಹುಟ್ಟಿದ್ದು ಅಲ್ಲಿ.

ಇದಕ್ಕೆ ತದ್ವಿರುದ್ಧ ಕಾರ್ಯದರ್ಶಿ ಚೆನ್ನಬಸಯ್ಯನವರು. ಬಳ್ಳಾರಿಯ ಬಿಸಿಲಿನಲ್ಲೂ ಕರಿ ಕೋಟು, ದಪ್ಪ ಫ್ರೇಮಿನ ಕನ್ನಡಕ. ಬೇಸಿಗೆಯಲ್ಲಿ ಕೋಟು ತೊಡುವ ಮನುಷ್ಯ ಇಡೀ ಜಿಲ್ಲೆಗೆ ಅವರೊಬ್ಬರೇ ಇದ್ದಿರಬೇಕು. ಹಾಗಾಗಿ ಮೇಲಿನವರಲ್ಲಿ ನಾನು ಎಂದೂ ತಪ್ಪದೆ ನಮಸ್ಕಾರ ಮಾಡುತ್ತಿದ್ದದ್ದು ಅವರೊಬ್ಬರಿಗೆ. ಅವರಿಗೂ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ. ಒಂದೇ ಒಂದು ವಿಷಯದಲ್ಲಿ ನಮಗೆ ಹೊಂದುತ್ತಿರಲಿಲ್ಲ. ಪತ್ತೇದಾರಿ, ಕೊಲೆಯ ಕಾದಂಬರಿಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅವು ಜನರ ಬುದ್ಧಿ ಕೆಡಿಸುತ್ತವೆ ಎಂದು ಸಭೆಯಲ್ಲಿ ಭಾಷಣ ಮಾಡಿ, ಖರೀದಿ ಪಟ್ಟಿಯಿಂದ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದರು. ದಾನವಾಗಿ ಬಂದದ್ದನ್ನು ಮಾತ್ರ ಇಟ್ಟುಕೊಳ್ಳಬಹುದಿತ್ತು.

ಹತ್ತು ವರ್ಷದ ಮೇಲೆ ಸಿರುಗುಪ್ಪಕ್ಕೆ ವರ್ಗವಾಯಿತು. ಮನೆಯನ್ನೂ ಅಲ್ಲಿಗೇ ಮಾಡಿದೆವು, ಮಹಬೂಬ ಸ್ವಂತ ಹೊಲಿಗೆ ಅಂಗಡಿ ಇಟ್ಟರು. ಸಿರುಗುಪ್ಪದ ವಾಚನಾಲಯವನ್ನು ನಡೆಸುತ್ತಿದ್ದದ್ದೇ ದಾನವಾಗಿ ಬಂದ ಆ ಕಾದಂಬರಿಗಳು. ದೇಶನೂರಿನ ಗದ್ದೆಯಲ್ಲಿ ನಾಟಿ ಮುಗಿಯಿತೆಂದರೆ ರೈತರು, ಸಿರಿಗೇರಿಯಿಂದ ಬಸ್ಸು ಹಿಡಿದು ಹುಡುಗರು, ಎಲ್ಲರೂ ಬಂದು ಕೈ ಹಾಕುತ್ತಿದ್ದದ್ದು ಹಿಂದಿನ ಮೂಲೆಯ ಒಂದೇ ಕಪಾಟಿಗೆ. ಅದಕ್ಕೆ 'ಕೊಲಿ ಕಪಾಟು' ಅಂತಲೇ ಹೆಸರು.

ಆ ಕಪಾಟಿನ ದೊಡ್ಡ ಗಿರಾಕಿ ಹುಲುಗಪ್ಪ. ಅಂಗಡಿ ಬೋರ್ಡು, ಟ್ರ್ಯಾಕ್ಟರ್ ಟ್ರೇಲರಿನ ಹಿಂದಿನ ಬರಹ, ಇವುಗಳನ್ನು ಬರೆಯುವ ಪೇಂಟರ್. ಉಗುರಿನಲ್ಲಿ ಸದಾ ಬಣ್ಣ ಇರುತ್ತಿದ್ದರಿಂದ ನನಗೆ ಅವನ ಗುರುತು ಸುಲಭ. ಕೊಲೆಗಾರ ಯಾರೆಂದು ಅರ್ಧದಲ್ಲೇ ಊಹಿಸಿ, ಪೆನ್ಸಿಲಿನಲ್ಲಿ ಅಂಗೈ ಮೇಲೆ ಬರೆದುಕೊಂಡು, ಕೊನೆಗೆ ಸರಿಯೋ ತಪ್ಪೋ ನೋಡುವುದು ಅವನ ಚಟ. ಒಂದು ದಿನ ಅವನು ಅರ್ಧ ಓದಿದ ಒಂದು ಪುಸ್ತಕ ತಂದು ನನ್ನ ಮೇಜಿನ ಮೇಲೆ ಇಟ್ಟು, ಇದನ್ನು ನೀವೂ ಓದಬೇಕು, ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೇ ಅಂದ.

ಕಥೆ ಹೀಗಿತ್ತು. ಹೆಣ್ಣೊಬ್ಬಳಿಗೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಯಾರ ಮುಖವೂ ಗುರುತು ಸಿಗದಂತಾಗುತ್ತದೆ. ಅವಳ ಗಂಡನನ್ನು ಕೊಂದು, ಗಂಡನ ಅಂಗಿ ತೊಟ್ಟು, ಅವನದೇ ಅತ್ತರು ಹಚ್ಚಿಕೊಂಡು ಬೇರೆಯೊಬ್ಬ ಮನೆಗೆ ಬರುತ್ತಾನೆ. ಅವಳು ಅವನಿಗೆ ಊಟ ಬಡಿಸುತ್ತಾಳೆ. ಗಂಡನ ಅಂಗಿ ತೊಟ್ಟ ಕೂಡಲೇ ಹೆಂಡತಿ ಮೋಸ ಹೋಗುತ್ತಾಳೆಯೇ, ಇದು ಎಲ್ಲಾದರೂ ಉಂಟೇ ಎಂದು ಹುಲುಗಪ್ಪನ ಜೊತೆಗಿದ್ದವರೆಲ್ಲ ನಕ್ಕರು. ಮೋತಿ ಸರ್ಕಲ್ ತನಕ ಪರಗಂಡಸಿಗೆ ಅತ್ತೆಯ ದೂರು ಹೇಳಿಕೊಂಡು ಹೋದವಳು ನಾನು. ನಗು ಬರಲಿಲ್ಲ.

ಮನೆಗೆ ಒಯ್ದು ಓದಿದೆ. ಅದರಲ್ಲಿ ಡಾಕ್ಟರು ಅವಳ ಕಾಯಿಲೆಗೆ ಒಂದು ಹೆಸರು ಹೇಳುತ್ತಾನೆ: ಮುಖಗುರುಡು. ಆ ಪದವನ್ನು ಎಷ್ಟು ಸಲ ಓದಿದೆನೋ. ಕೆಲವರು ಹುಟ್ಟುತ್ತಲೇ ಹೀಗಿರುತ್ತಾರೆ ಎಂಬ ಒಂದು ಸಾಲೂ ಇತ್ತು. ಇಷ್ಟು ವರ್ಷ ನನ್ನನ್ನು ನಾನು ದಡ್ಡಿ ಅಂದುಕೊಂಡದ್ದಕ್ಕೆ ಅಳುವೇ ಬಂತು. ಮಹಬೂಬರಿಗೆ ಓದಿ ಹೇಳಿದೆ. ಅವರು ಹೊಲಿಗೆ ನಿಲ್ಲಿಸಿ ಯೋಚಿಸಿ, "ಹೆಸರು ಇಟ್ಟಾರ ಅಂದ್ರ ನಿನ್ನಂಥೋರು ಇನ್ನೂ ಅದಾರ ಅಂತ ಆತು" ಅಂದರು.

ಆದರೆ ಆ ಹೆಣ್ಣಿನ ಗತಿ ಏನಾಯಿತು? ಅವಳಿಗೆ ನಿಜ ತಿಳಿಯಿತೇ? ಪುಟ ತಿರುಗಿಸಿದರೆ ಮುಂದೆ ರಟ್ಟು. ಕೊನೆಯ ಅಧ್ಯಾಯವನ್ನು ಯಾರೋ ಹರಿದುಕೊಂಡಿದ್ದರು.

ಅದೊಂದೇ ಅಲ್ಲ. ಬೇರೆ ಪುಸ್ತಕಕ್ಕೂ ಕೊನೆಯಿಲ್ಲವೆಂದು ಹುಲುಗಪ್ಪ ಕೂಗಾಡುತ್ತಾ ಬಂದ ಮೇಲೆ ಕಪಾಟು ತೆಗೆದು ನೋಡಿದರೆ ಹತ್ತು ಕಾದಂಬರಿಗಳಿಗೆ ಕೊನೆಯ ಹಾಳೆಗಳೇ ಇಲ್ಲ. ಓದುಗರು ಹುಚ್ಚರಂತಾದರು. ದೇಶನೂರಿನ ರೈತರೊಬ್ಬರು, ಗದ್ದೆಗೆ ನೀರು ಬಿಟ್ಟು ಬಂದ ಮೇಲೆ ಬದು ಒಡೆದ ಹಾಗಾಯಿತಲ್ಲ ಎಂದರು. ಕೊಲೆಗಾರ ಸಿಗದೆ ನಿದ್ದೆ ಬರುತ್ತಿಲ್ಲವೆಂದು ಸಿರಿಗೇರಿಯ ಹುಡುಗರ ದೂರು.

ಆಮೇಲೆ ಬಂದದ್ದೇ ಆ ಮಧ್ಯಾಹ್ನ. ಊರಲ್ಲಿ ದೊಡ್ಡ ಮದುವೆಯಿತ್ತು, ವಾಚನಾಲಯ ಖಾಲಿ. ಹಿಂದಿನ ಮೂಲೆಯಲ್ಲಿ ಪರ್ ಅಂತ ಹಾಳೆ ಹರಿದ ಸದ್ದು. ಓಡಿದೆ. ರೇಷ್ಮೆ ಪಂಚೆ, ರೇಷ್ಮೆ ಶಲ್ಯ, ತಲೆಗೂದಲಲ್ಲಿ ಅಕ್ಷತೆ ಕಾಳು, ಕೈಯಲ್ಲಿ ಹನ್ನೊಂದನೆಯ ಪುಸ್ತಕದ ಹಾಳೆ. ನಮ್ಮಿಬ್ಬರ ನಡುವೆ ಒಂದು ಮೊಳ ಅಂತರ ಇರಲಿಲ್ಲ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನ ಬಣ್ಣ ಇಳಿದುಹೋಯಿತು. ಹಾಳೆಗಳನ್ನು ಶಲ್ಯದೊಳಗೆ ಸೇರಿಸಿ, ಎರಡೂ ಕೈ ಮುಗಿದು, ಒಂದು ಮಾತೂ ಆಡದೆ ಹೊರಟುಹೋದ. ಹಿಂದೆ ಓಡಿ ಬೀದಿಗೆ ಬಂದರೆ ಮದುವೆಯಿಂದ ಹೊರಬಿದ್ದ ಇನ್ನೂರು ರೇಷ್ಮೆ ಪಂಚೆಗಳು.

ಆಮೇಲೆ ಓದಿದ ಕೊಲೆಯ ಕಾದಂಬರಿಗಳಲ್ಲಿ ಮುಖಗುರುಡು ಇರುವವರಿಗೆ ಮಾತ್ರ ಯಾಕೆ ಯಾವಾಗಲೂ ಕೊಲೆ ಕಣ್ಣಿಗೆ ಬೀಳುತ್ತದೋ ಅಂತ ಬೇಸರಪಟ್ಟುಕೊಂಡಿದ್ದೇನೆ. ಆವತ್ತು ನನಗೇ ಹಾಗಾಗಿತ್ತು.

ಕಾರ್ಯದರ್ಶಿಗಳಿಗೆ ವರದಿ ಬರೆದೆ. ಮದುವೆಗೆ ಬಂದವನೊಬ್ಬ ಹಾಳೆ ಹರಿದದ್ದನ್ನು ಕಣ್ಣಾರೆ ನೋಡಿದ್ದೇನೆ ಎಂದು. ಮುಖ ನೆನಪಿಲ್ಲ ಎಂದು ಬರೆಯಲು ನಾಚಿಕೆಯಾಯಿತು. ಅವನ ಮುಖ ನನ್ನ ಕಣ್ಣಲ್ಲಿ ಅಚ್ಚೊತ್ತಿದೆ, ಸಂದರ್ಭ ಬಂದಾಗ ಹೇಳುತ್ತೇನೆ ಎಂದು ಒಂದು ಸಾಲು ಸೇರಿಸಿದೆ. ಮೂರನೆಯ ದಿನಕ್ಕೆ ಉತ್ತರ ಬಂತು: "ತಿಳಿಯಿತು." ಅದರ ಜೊತೆಗೆ ಒಂದು ಫ್ಯಾನು. ಎರಡು ವರ್ಷದಿಂದ ಕೇಳಿ ಸಾಕಾಗಿದ್ದ ಫ್ಯಾನು. ವಂದನೆ ಬರೆಯುತ್ತಾ, ಆ ಮನುಷ್ಯನನ್ನು ನಾನು ಮರೆತಿಲ್ಲ ಎಂದು ಮತ್ತೊಮ್ಮೆ ನೆನಪಿಸಿದೆ. ಸ್ಟೀಲಿನ ಕಪಾಟು ಬಂತು. ಟ್ರಸ್ಟಿಗೆ ಒಳ್ಳೆಯ ಕಾಲ ಬಂದಿದೆ ಅಂದುಕೊಂಡೆ.

ಖಜಾಂಚಿ ನಾಗಲಿಂಗಪ್ಪನವರಿಗೆ ಈ ವರದಿಯ ಸುದ್ದಿ ಹೇಗೋ ತಿಳಿಯಿತು. ಸಾಕ್ಷಿಯೇ ಇರುವಾಗ ವಿಚಾರಣೆ ಯಾಕಿಲ್ಲ ಎಂದು ಪಟ್ಟು ಹಿಡಿದರು. ಒಂದು ಭಾನುವಾರ ಹೆಚ್ಚು ಓದುವ ಎಂಟು ಜನರನ್ನು ವಾಚನಾಲಯದ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಉಳಿದ ಓದುಗರೆಲ್ಲ ನೋಡಲು ಬಂದರು. ಕಾರ್ಯದರ್ಶಿಗಳು ಕರಿ ಕೋಟಿನಲ್ಲಿ ಕುರ್ಚಿಯ ತುದಿಗೆ ಕುಳಿತಿದ್ದರು. ಹೊಸ ಫ್ಯಾನು ಮೇಲೆ ತಿರುಗುತ್ತಿದ್ದರೂ ಬೆವರುತ್ತಿದ್ದರು.

ಖಜಾಂಚಿಗಳು ಮೊದಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು. ಹರಿದ ಹನ್ನೊಂದೂ ಪುಸ್ತಕ ಒಯ್ದವನು ಹುಲುಗಪ್ಪ ಒಬ್ಬನೇ. ಆ ಮದುವೆಯ ಮಂಟಪದ ಬೋರ್ಡು ಬರೆದವನೂ ಅವನೇ, ಊಟಕ್ಕೂ ಹೋಗಿದ್ದ. ಅವನ ಮುಂದೆ ನಿಂತು, ಇವನೇ ತಾನೇ, ಹೂಂ ಅನ್ನಿ ಸಾಕು ಎಂದು ನನಗೆ ಹೇಳಿದರು.

ಹುಲುಗಪ್ಪ ಬಣ್ಣದ ಕೈಗಳನ್ನು ಹಿಂದೆ ಕಟ್ಟಿಕೊಂಡ. ಊರಿನ ಅಂಗಡಿಗಳ ಹೆಸರೆಲ್ಲ ಬರೆದವನು. ಕಳ್ಳ ಎಂಬ ಹೆಸರು ಬಂದರೆ ಮರುದಿನ ಯಾರು ಬೋರ್ಡು ಬರೆಸುತ್ತಾರೆ? ನನಗೆ ಹೂಂ ಅನ್ನಲು ಆಗಲಿಲ್ಲ. ಅಲ್ಲ ಅನ್ನಲೂ ಆಗಲಿಲ್ಲ, ಯಾಕೆಂದರೆ ನಿಜವಾಗಿ ನನಗೆ ಗೊತ್ತಿರಲಿಲ್ಲ. ರೇಷ್ಮೆ ಪಂಚೆ ಉಟ್ಟರೆ ಅವನೂ ಹಾಗೇ ಕಂಡಾನು. ಸುಳ್ಳು ಬರೆದು ಇಲ್ಲಿಯ ತನಕ ತಂದವಳು ನಾನೇ.

"ನನಗ ಯಾರ ಮುಖಾನೂ ಗುರ್ತು ಸಿಗೂದಿಲ್ರಿ" ಅಂದೆ. "ಹುಟ್ಟಿದಾಗಿಂದ ಹಿಂಗ ಅದೀನಿ. ಆ ಕಾದಂಬರ್ಯಾಗ ಐತಲ್ಲ, ಅದ ಕಾಯಿಲೆ. ವರದಿಯಾಗ ಸುಳ್ಳು ಬರದೀನಿ."

ಹುಲುಗಪ್ಪನ ಬಾಯಿ ತೆರೆದೇ ಇತ್ತು. ಖಜಾಂಚಿಗಳು ಮಾತ್ರ ಇದು ಹೊಸ ನಾಟಕ ಅಂದರು, ಪರೀಕ್ಷೆ ಮಾಡೋಣ ಅಂದರು. ನನ್ನನ್ನು ಗೋಡೆ ಕಡೆ ತಿರುಗಿಸಿ ನಿಲ್ಲಿಸಿದರು. ಕಾರ್ಯದರ್ಶಿಗಳಿಗೆ ಕೋಟು, ಕನ್ನಡಕ ತೆಗೆದು ಸಾಲಿನಲ್ಲಿ ನಿಲ್ಲಲು ಹೇಳಿದರು. ಅವರು ಒಪ್ಪಲಿಲ್ಲ. ಆ ಸೆಕೆಯಲ್ಲಿ ಕೋಟು ಬಿಚ್ಚಲು ಯಾಕೆ ಅಷ್ಟು ಹೊತ್ತು ಹಿಡಿಯಿತೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಬಿಚ್ಚಿದರು. ನಾನು ತಿರುಗಿದೆ. ಒಂಬತ್ತು ಬಿಳಿ ಅಂಗಿ, ಒಂಬತ್ತು ಮುಖ. ನಿಮ್ಮ ಕಾರ್ಯದರ್ಶಿ ಯಾರು ತೋರಿಸಿ ಅಂದರು. ಹದಿನೈದು ವರ್ಷ ನಮಸ್ಕಾರ ಮಾಡಿದ ಮನುಷ್ಯ. ಸಾಲಿನ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದು, ಸ್ವಲ್ಪ ಗಂಭೀರವಾಗಿ ಕಂಡ ಒಬ್ಬರಿಗೆ ನಮಸ್ಕರಿಸಿದೆ. ಅವರು ಸೈಕಲ್ ರಿಪೇರಿಯ ಈರಣ್ಣ.

ವಾಚನಾಲಯವೆಲ್ಲ ನಕ್ಕಿತು. ನಗದವರು ಒಬ್ಬರೇ, ನಾಲ್ಕನೆಯವರು. ಅವರು ನನ್ನನ್ನೇ ನೋಡುತ್ತಿದ್ದರು. ಅದು ಯಾಕೆಂದು ಸ್ವಲ್ಪ ಹೊತ್ತಿಗೆ ತಿಳಿಯಿತು.

ಪರೀಕ್ಷೆಯಲ್ಲಿ ನಾನು ನಪಾಸಾದರೂ ಖಜಾಂಚಿಗಳ ತೀರ್ಮಾನ ಬದಲಾಗಲಿಲ್ಲ. ಸಾಕ್ಷಿ ಇಲ್ಲದಿದ್ದರೇನು, ಪುಸ್ತಕ ಒಯ್ದ ದಾಖಲೆಯಿದೆ, ಹುಲುಗಪ್ಪನ ಸದಸ್ಯತ್ವ ರದ್ದು ಮಾಡಿ ಬಾಗಿಲಿಗೆ ನೋಟೀಸು ಅಂಟಿಸಿ ಅಂದರು. ಹುಲುಗಪ್ಪ ಜೇಬಿನಿಂದ ತನ್ನ ಚೀಟಿ ತೆಗೆದು ನನ್ನ ಮೇಜಿನ ಮೇಲಿಟ್ಟ. ಬಾಗಿಲ ತನಕ ಹೋಗಿ ನಿಂತ.

"ಹೋಗ್ತೀನ್ರಿ. ಹರದಾವ ಇಲ್ಲೇ ಇದ್ರ ಅವನಿಗೊಂದು ಮಾತು. ಮುಖ ಗುರ್ತು ಸಿಗದಾಕಿ ಕಥಿಯಾಗ ಕೊಲಿ ಮಾಡ್ಸಿದಾವ ಡಾಕ್ಟರ್ ಅಂತ ನಾ ಅಂಗೈಮ್ಯಾಲೆ ಬರಕೊಂಡಿದ್ದೆ. ಅದು ಖರೇನೋ ಸುಳ್ಳೋ ಅಷ್ಟಾರ ಹೇಳಿಬಿಡ್ಲಿ."

ಸಾಲಿನ ನಾಲ್ಕನೆಯವರು ಮೆಲ್ಲಗೆ ಅಂದರು: "ಡಾಕ್ಟರ್ ಅಲ್ಲಪ. ಆಕಿ ತಂಗಿ."

ಧ್ವನಿ ಕೇಳಿದ ಕೂಡಲೇ ನನಗೆ ಗುರುತು ಸಿಕ್ಕಿತು. ಚೆನ್ನಬಸಯ್ಯನವರು.

ಹನ್ನೊಂದು ಪುಸ್ತಕದ ಹಾಳೆಗಳೂ ಬಳ್ಳಾರಿಯ ತಮ್ಮ ಮನೆಯ ಪೆಟ್ಟಿಗೆಯಲ್ಲಿವೆ ಎಂದು ಅವರು ನಿಂತಲ್ಲಿಯೇ ಹೇಳಿದರು. ಈ ಕಾದಂಬರಿಗಳನ್ನು ಸಭೆಯಲ್ಲಿ ಬೈದವರು ತಾವು, ಹೆಸರು ಬರೆಸಿ ಒಯ್ಯುವುದು ಹೇಗೆ? ತಪಾಸಣೆಯ ನೆವದಲ್ಲಿ ಬಂದು ಕಪಾಟಿನ ಹಿಂದೆ ನಿಂತು ಓದುತ್ತಿದ್ದರಂತೆ. ಬಸ್ಸಿನ ಹೊತ್ತಾದಾಗ ಕೊನೆ ಉಳಿದುಬಿಡುತ್ತಿತ್ತು. ತಡೆಯಲಾಗುತ್ತಿರಲಿಲ್ಲ. ಮದುವೆಗೆಂದು ಕೋಟು, ಕನ್ನಡಕ ಬಿಟ್ಟು ಬಂದಿದ್ದ ದಿನ ನಾನು ಕಂಡೂ ಹೆಸರು ಹೇಳದೆ ವರದಿ ಬರೆದಾಗ, ನಾನು ಅವರ ಮಾನ ಕೈಯಲ್ಲಿ ಹಿಡಿದು ಆಟವಾಡುತ್ತಿದ್ದೇನೆ ಎಂದು ತಿಳಿದು ಫ್ಯಾನು ಕಳಿಸಿದ್ದರು. ಸ್ಟೀಲಿನ ಕಪಾಟು ಕಳಿಸುವ ಹೊತ್ತಿಗೆ ಪೂರ್ತಿ ಸೋತುಹೋಗಿದ್ದರು.

ಅವರನ್ನು ಆಮೇಲೆ ಕೇಳಿದ್ದೇನೆ. ನನಗೆ ಮುಖ ಗುರುತು ಸಿಗುವುದಿಲ್ಲವೆಂದು ತಿಳಿದ ಮೇಲೆ ನೀವು ಪಾರಾಗಿದ್ದಿರಿ, ಯಾಕೆ ಬಾಯಿ ಬಿಟ್ಟಿರಿ ಎಂದು. ಹುಲುಗಪ್ಪ ಚೀಟಿ ಇಟ್ಟು ಹೊರಟಾಗ ಎದೆಯಲ್ಲಿ ಏನೋ ಆಯಿತು, ಅದು ಅರ್ಧ ಕಾರಣ ಅಂದರು. ಉಳಿದರ್ಧ, ತಪ್ಪು ಕೊಲೆಗಾರನ ಹೆಸರು ಕೇಳಿ ಸುಮ್ಮನಿರಲು ಆಗಲಿಲ್ಲವಂತೆ.

ಅವರು ಕಾರ್ಯದರ್ಶಿ ಸ್ಥಾನ ಬಿಟ್ಟರು. ಹುಲುಗಪ್ಪ ಕ್ಷಮೆ ಬೇಡ ಅಂದ, ಹರಿದ ಅಧ್ಯಾಯಗಳನ್ನು ಎಲ್ಲರ ಮುಂದೆ ಓದಿ ಹೇಳಬೇಕು ಅಂದ. ಹಾಗೆ ಹನ್ನೊಂದು ಭಾನುವಾರ ಚೆನ್ನಬಸಯ್ಯನವರು ಬಳ್ಳಾರಿಯಿಂದ ಬಸ್ಸಿನಲ್ಲಿ ಬಂದು, ಒಂದೊಂದು ಅಧ್ಯಾಯ ಓದಿ, ಹಾಳೆ ಅಂಟಿಸಿ ಹೋದರು. ಬಹಳ ಚೆನ್ನಾಗಿ ಓದುತ್ತಿದ್ದರು, ಕೊಲೆಗಾರನಿಗೆ ಬೇರೆ ಧ್ವನಿ ತೆಗೆಯುತ್ತಿದ್ದರು. ನನ್ನ ಕಾದಂಬರಿಯ ಸರದಿ ಬಂದಾಗ ಎದುರಿಗೇ ಕುಳಿತೆ. ಕೊನೆಯಲ್ಲಿ ಆ ಹೆಣ್ಣಿಗೆ ತಲೆಗೆ ಇನ್ನೊಂದು ಪೆಟ್ಟು ಬೀಳುತ್ತದೆ, ಮುಖಗಳೆಲ್ಲ ನೆನಪಾಗುತ್ತವೆ, ಕಳ್ಳ ಗಂಡನ ಜೊತೆ ತನ್ನ ತಂಗಿಯನ್ನೂ ಪೊಲೀಸರಿಗೆ ಒಪ್ಪಿಸುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಸಿಟ್ಟು ಬಂತು. ಆಮೇಲೆ ಇಂಥ ಆರೇಳು ಕಾದಂಬರಿ ಓದಿದೆ. ಒಂದೋ ನನ್ನಂಥವಳು ಸಾಯುತ್ತಾಳೆ, ಇಲ್ಲವೇ ಪೆಟ್ಟು ತಿಂದು ಸರಿಹೋಗುತ್ತಾಳೆ. ಹಾಗೇ ಇದ್ದುಕೊಂಡು ಸಂಬಳ ತೆಗೆದುಕೊಂಡು ಮನೆ ನಡೆಸುವವಳು ಒಬ್ಬಳೂ ಇಲ್ಲ.

ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಹುಲುಗಪ್ಪ ಒಂದು ಬೋರ್ಡು ಬರೆದು ತಂದು ನನ್ನ ಮೇಜಿನ ಮುಂದೆ ತೂಗುಹಾಕಿದ: 'ಮೇಡಂ ಅವರಿಗೆ ಮುಖ ನೆನಪಿರುವುದಿಲ್ಲ, ಸೊಕ್ಕು ಅಲ್ಲ.' ಟ್ರ್ಯಾಕ್ಟರಿನ ಅಕ್ಷರ, ಎರಡೂ ಕಡೆ ಗಿಳಿ.

ಕೊನೆಯ ಕೆಲವು ವರ್ಷ ಕುರುಗೋಡು. ಟ್ರಸ್ಟಿಗೆ ಬಂದ ಹೊಸಬರು ಮೊಬೈಲಿಗೆ ಮುಖ ತೋರಿಸಿ ಹಾಜರಿ ಹಾಕಬೇಕು ಅಂದರು. ತಂಪು ಕನ್ನಡಕ ಹಾಕಿಕೊಂಡರೆ ಅದು ನೀವು ಯಾರು ಅನ್ನುತ್ತಿತ್ತು, ಸೆರಗು ಹೊದ್ದರೆ ಮತ್ತೊಮ್ಮೆ ನೀವು ಯಾರು ಅನ್ನುತ್ತಿತ್ತು. ಉಳಿದ ಸಿಬ್ಬಂದಿ ಬಯ್ದರು. ನಾನು ಬಯ್ಯಲಿಲ್ಲ, ಆ ಪಾಡು ನನಗೆ ಗೊತ್ತು.

ಅಲ್ಲಿಯೇ ಸುಮಂಗಲಾ ಸಿಕ್ಕಿದ್ದು, ನಾನು ನಿವೃತ್ತಿಯಾಗುವ ವರ್ಷ. ಶಾಲೆಯಲ್ಲಿ ಹೊಸ ಟೀಚರು. ಮುಖಗುರುಡಿನ ಒಂದು ಕೊಲೆ ಕಾದಂಬರಿ ಒಯ್ದವಳು ಮರಳಿ ಕೊಡುವಾಗ, ಇಂಥವರು ನಿಜವಾಗಿ ಇರುತ್ತಾರಾ ಅಂತ ಕೇಳಿದಳು. ಕೇಳಿದ ಧಾಟಿಯಲ್ಲೇ ನನಗೆ ತಿಳಿಯಿತು. ಬಾಗಿಲು ಮುಂದೆ ಮಾಡಿ ಕೂರಿಸಿಕೊಂಡೆ. ಮಕ್ಕಳು ಜಾಗ ಬದಲಿಸಿದರೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲವಾದ್ದರಿಂದ ಕುಳಿತಲ್ಲಿಂದ ಅಲುಗಾಡಬಾರದೆಂದು ಕಟ್ಟಪ್ಪಣೆ ಮಾಡಿದ್ದಳು, ಹೆಡ್‌ಮಾಸ್ತರು ಶಿಸ್ತಿನ ಟೀಚರೆಂದು ಹೊಗಳುತ್ತಿದ್ದರು. ಈಗ ಮದುವೆ ಗೊತ್ತಾಗಿತ್ತು. ಹುಡುಗ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಸೂಪರ್‌ವೈಸರ್, ವಿರೂಪಾಕ್ಷ. ಎರಡನೆಯ ಸಲ ಮನೆಗೆ ಬಂದಾಗ ಅಂಗಳದಲ್ಲಿ ಹತ್ತು ನಿಮಿಷ ಮಾತಾಡಿ ಅವಳನ್ನು ನಗಿಸಿ ನಗಿಸಿ ಇಟ್ಟಿದ್ದ. ಮನಸ್ಸಿಗೆ ಬಂದಿದ್ದ. ಆದರೆ ನಾಳೆ ಸಂತೆಯಲ್ಲಿ ಬಿಟ್ಟರೆ ಗುರುತು ಸಿಗಲಾರ. ಓದಿದ ಕಥೆಗಳಲ್ಲೆಲ್ಲ ಇಂಥ ಹೆಂಡತಿಯರ ಗತಿ ನೋಡಿ ಹೆದರಿ, ಮದುವೆಯೇ ಬೇಡ ಅನ್ನುತ್ತಿದ್ದಳು.

ಮುರಿಯುವ ಮೊದಲು ಅವನಿಗೆ ಹೇಳು ಅಂದೆ. ನೀವೂ ಜೊತೆಗೆ ಬರಬೇಕು ಅಂದಳು. ಭಾನುವಾರ ಹನ್ನೊಂದಕ್ಕೆ ನಾನು ಸಿರುಗುಪ್ಪದ ಮನೆಯಿಂದ, ಅವಳು ಕುರುಗೋಡಿನಿಂದ ಬಂದು ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ನಾವು ಕೂಡುವುದು, ಎದುರಿನ ಹೋಟೆಲಿಗೆ ಅವನು ಬರುವುದು ಎಂದಾಯಿತು. ನಾವಿಬ್ಬರೂ ಅನುಭವಸ್ಥರು, ಗುರುತು ಮಾಡಿಕೊಂಡೆವು: ಅವಳದು ಹಳದಿ ಸೀರೆ, ನನ್ನ ಕೈಯಲ್ಲಿ ಕೆಂಪು ಕೊಡೆ.

ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ತಾಸು ನಿಂತೆ. ಹಳದಿ ಸೀರೆ ಬರಲಿಲ್ಲ. ಪಕ್ಕದಲ್ಲಿ ನೀಲಿ ಸೀರೆಯ ಹುಡುಗಿಯೊಬ್ಬಳು ನನ್ನಂತೆಯೇ ಗಡಿಯಾರ ನೋಡುತ್ತಾ ನಿಂತಿದ್ದಳು. ಕೊನೆಗೆ ಫೋನು ಹಚ್ಚಿದೆ. ಪಕ್ಕದವಳ ಫೋನು ರಿಂಗಾಯಿತು.

ಹಳದಿ ಸೀರೆಗೆ ಬೆಳಿಗ್ಗೆ ಚಹಾ ಚೆಲ್ಲಿತ್ತಂತೆ. ನನ್ನ ಕೆಂಪು ಕೊಡೆ ಬಸ್ಸಿನ ಸೀಟಿನ ಕೆಳಗೇ ಉಳಿದಿತ್ತು. ವಿಚಾರಿಸಿದರೆ ಬಂದದ್ದು ಒಂದೇ ಬಸ್ಸು, ಕುಳಿತದ್ದು ಒಂದೇ ಸೀಟು. ಕುರುಗೋಡಿನಿಂದ ಬಳ್ಳಾರಿಯ ತನಕ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದವಳು ಅವಳೇ. ಕಟ್ಟೆಯ ಮೇಲೆ ಕುಳಿತು ಹೊಟ್ಟೆ ಹಿಡಿದು ನಕ್ಕೆವು. ನಗು ನಿಂತ ಮೇಲೆ ಅವಳು ಸಣ್ಣ ಧ್ವನಿಯಲ್ಲಿ ಇನ್ನೊಂದು ಹೇಳಿದಳು. ತಡೆಯಲಾರದೆ ನಿನ್ನೆಯೇ ಅವನಿಗೆ ಎಲ್ಲವನ್ನೂ ಫೋನಿನಲ್ಲಿ ಬರೆದು ಕಳಿಸಿದ್ದಳು. ಅವನು ಓದಿದ್ದ, ಉತ್ತರ ಬರೆದಿರಲಿಲ್ಲ.

ಹೋಟೆಲಿಗೆ ಹೋದೆವು. ಭಾನುವಾರದ ಜನ. ಮೇಜು ಮೇಜಿಗೂ ಗಂಡಸರು. ಇಬ್ಬರೂ ಬಾಗಿಲಲ್ಲಿ ನಿಂತೆವು. ನನಗೆ ಅವನು ಗೊತ್ತಿಲ್ಲ, ಅವಳಿಗೆ ಗೊತ್ತಾಗುವುದಿಲ್ಲ. ನಗುನಗುತ್ತಾ ಹರಟುತ್ತಿದ್ದ ಒಂದಿಬ್ಬರ ಕಡೆ ಅವಳು ಆಸೆಯಿಂದ ನೋಡಿದಳು, ಯಾರೂ ಕೈ ಎತ್ತಲಿಲ್ಲ. ಅವಳ ಕಣ್ಣು ತುಂಬಿತು, ಬಂದಿಲ್ಲ ಅನಿಸುತ್ತದೆ ಹೋಗೋಣ ಮೇಡಂ ಅಂದಳು.

ಆಗ ಒಳಗಿನ ಮೇಜಿನಿಂದ ಒಬ್ಬ ಎದ್ದು ಬಂದು ಅವಳ ಮುಂದೆ ನಿಂತ. ಸಾಧಾರಣ ಎತ್ತರ, ತೋಳಿನ ಮೇಲೆ ಅಕ್ಕಿಯ ತೌಡು. ಮಾತಿಗೆ ತಡಕಾಡಿದ.

"ನಾ ವಿರೂಪಾಕ್ಷ" ಅಂದ. "ಹ್ಯಾಂಗ ಬರೀಬೇಕು ತಿಳಿಲಿಲ್ಲ, ಅದಕ್ಕ ಬರೀಲಿಲ್ಲ. ಆವತ್ತು ಅಂಗಳದಾಗ ನೀವು ಮಾತಾಡಿದ್ದು ನನ್ನ ಕೂಡ ಅಲ್ರಿ, ನನ್ನ ತಮ್ಮನ ಕೂಡ. ಅವ ನನಗಿಂತ ಛಲೋ ಮಾತಾಡ್ತಾನ. ಆದ್ರ ಅವನಿಗೆ ಮದಿವಿ ಆಗೇತಿ."

ಸುಮಂಗಲಾ ಒಂದು ಕುರ್ಚಿ ಎಳೆದುಕೊಂಡು ಕುಳಿತಳು.

"ಹಂಗಾರ ಈಗ ನೀವು ಮಾತಾಡ್ರಿ" ಅಂದಳು.